ಪ್ರಯೋಗಸಿದ್ಧ ಕಲಿಕಾಕ್ರಮಗಳೂ ನಮ್ಮ ಹಳ್ಳಿಯ ಶಾಲೆಗಳೂ: ಕುಂದಾಪುರ, ಬೈಂದೂರು, ಬ್ರಹ್ಮಾವರ ಪ್ರದೇಶವನ್ನು ಕುರಿತು ಒಂದು ವಿವೇಚನೆ

೧. ವಿಷಯದ ಸ್ವರೂಪ

ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯಲ್ಲಿರುವ ಮಗು ಎರಡನೆಯ ತರಗತಿಯ ಪಾಠವೊಂದನ್ನು ತಡೆಯಿಲ್ಲದೆ ಓದಬಲ್ಲುದೆ? ಪ್ರಶ್ನೆ ಸರಳವಾದುದು, ಉತ್ತರ ಮಾತ್ರ ಸಂತೋಷಕರವಾದುದಲ್ಲ. ೨೦೦೫ರಿಂದ ನಮ್ಮ ದೇಶದ ಗ್ರಾಮಾಂತರ ಪ್ರದೇಶಗಳಲ್ಲಿ ನಡೆದುಬಂದಿರುವ 'ಅಸರ್' ಸಮೀಕ್ಷೆಯ ಪ್ರಕಾರ, ೨೦೧೮ರಲ್ಲಿ ಹೀಗೆ ಓದಬಲ್ಲವರಾಗಿದ್ದ ಮೂರನೆಯ ತರಗತಿಯ ಮಕ್ಕಳ ಪ್ರಮಾಣ ಶೇಕಡಾ ೨೭.೩, ಸಾಂಕ್ರಾಮಿಕದ ನಿಮಿತ್ತ ಶಾಲೆಗಳು ಬಹುಕಾಲ ಮುಚ್ಚಿದ್ದ ತರುವಾಯ, ೨೦೨೨ರಲ್ಲಿ, ಅದು ಶೇಕಡಾ ೨೦.೫ಕ್ಕೆ ಇಳಿಯಿತು. ಓದುವುದನ್ನು ಕಲಿಯದೆ ಮೇಲಿನ ತರಗತಿಗೆ ಹೋದ ಮಗುವಿಗೆ ಚರಿತ್ರೆ, ಭೂಗೋಳ, ವಿಜ್ಞಾನಗಳ ಪುಸ್ತಕಗಳೆಲ್ಲವೂ ಮುಚ್ಚಿದ ಬಾಗಿಲುಗಳೇ ಸರಿ. ಕಾಲೇಜಿನಲ್ಲಿ ಪಾಠ ಹೇಳುವ ನಾವು ವಿದ್ಯಾರ್ಥಿಗಳ ಬರವಣಿಗೆಯನ್ನು ಕುರಿತು ಆಗಾಗ ಖೇದಪಡುತ್ತೇವಷ್ಟೆ. ಆ ಖೇದದ ಬೇರು ಇರುವುದು ಇಲ್ಲಿ.

ಈ ಕೊರತೆಗೆ ಪರಿಹಾರವಿಲ್ಲವೆಂದಲ್ಲ. ಕಳೆದ ಕಾಲು ಶತಮಾನದಲ್ಲಿ ಹಲವು ಬೋಧನಕ್ರಮಗಳನ್ನು ಪ್ರಯೋಗದ ಒರೆಗೆ ಹಚ್ಚಿ, ಅವುಗಳಿಂದ ಕಲಿಕೆ ಹೆಚ್ಚುವುದೆಂದು ತೋರಿಸಲಾಗಿದೆ. ಅಂಥವನ್ನು ಈ ಲೇಖನದಲ್ಲಿ 'ಪ್ರಯೋಗಸಿದ್ಧ ಕ್ರಮ'ಗಳೆಂದು ಕರೆಯುತ್ತೇವೆ. ಆದರೆ ಪ್ರಯೋಗದಲ್ಲಿ ಗೆದ್ದ ಕ್ರಮ ಸಾಮಾನ್ಯ ಶಾಲೆಗೆ ಬಂದಾಗ ಅನೇಕ ವೇಳೆ ಸೋಲುತ್ತದೆ. ಹೀಗೇಕಾಗುತ್ತದೆ, ಮುಖ್ಯವಾಗಿ ಉಡುಪಿ ಜಿಲ್ಲೆಯ ಉತ್ತರಭಾಗವಾದ ಕುಂದಾಪುರ, ಬೈಂದೂರು, ಬ್ರಹ್ಮಾವರ ವಲಯಗಳಲ್ಲಿ ಯಾವ ಸಂಗತಿಗಳು ಇದಕ್ಕೆ ಕಾರಣವಾಗಬಲ್ಲವು, ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ. ಚರಿತ್ರೆಯ ಅಭ್ಯಾಸಿಗಳಾದ ನಮಗೆ ಶಿಕ್ಷಣಶಾಸ್ತ್ರದಲ್ಲಿ ಅಧಿಕಾರವಿಲ್ಲ. ಆದರೆ ಶಾಲೆಯನ್ನು ತಿದ್ದುವ ಯತ್ನಗಳಿಗೂ ಒಂದು ಚರಿತ್ರೆಯುಂಟು. ಅದನ್ನು ಮರೆತು ಹೊಸ ಯತ್ನಗಳನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

೨. 'ಪ್ರಯೋಗಸಿದ್ಧ' ಎಂದರೇನು?

ಹೊಸ ಕ್ರಮವೊಂದನ್ನು ಹತ್ತು ಶಾಲೆಗಳಲ್ಲಿ ತಂದಾಗ ಮಕ್ಕಳು ಮುಂದುವರಿದರೆಂಬುದಷ್ಟರಿಂದ ಅದು ಫಲಕಾರಿಯೆಂದು ಹೇಳಲಾಗದು. ಆ ಹತ್ತು ಶಾಲೆಗಳ ಉಪಾಧ್ಯಾಯರು ಮೊದಲೇ ಉತ್ಸಾಹಿಗಳಾಗಿದ್ದಿರಬಹುದು. ಆ ವರ್ಷ ಬೇರೆ ಕಾರಣಗಳಿಂದ ಎಲ್ಲ ಶಾಲೆಗಳೂ ಮುಂದುವರಿದಿರಬಹುದು. ಆದುದರಿಂದ ಸಾಕಷ್ಟು ಸಂಖ್ಯೆಯ ಶಾಲೆಗಳನ್ನು ಆರಿಸಿ, ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಕ್ರಮವನ್ನು ಕೊಟ್ಟು ಇನ್ನೊಂದನ್ನು ಇದ್ದಂತೆಯೇ ಬಿಟ್ಟು, ಕೊನೆಯಲ್ಲಿ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತಾರೆ. ಇದರ ಪ್ರಸಿದ್ಧ ಉದಾಹರಣೆ ೨೦೦೧ರಿಂದ ೨೦೦೩ರವರೆಗೆ ಮುಂಬಯಿ ಮತ್ತು ವಡೋದರಾ ನಗರಗಳ ಪುರಸಭಾ ಶಾಲೆಗಳಲ್ಲಿ ನಡೆದ 'ಬಾಲಸಖಿ' ಪ್ರಯೋಗ. 'ಪ್ರಥಮ್' ಎಂಬ ಸಂಸ್ಥೆ ಆಯಾ ನೆರೆಹೊರೆಯ ತರುಣಿಯರಿಗೆ ಅಲ್ಪ ತರಬೇತಿ ಕೊಟ್ಟು, ಮೂರು ಮತ್ತು ನಾಲ್ಕನೆಯ ತರಗತಿಗಳಲ್ಲಿ ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಅಕ್ಷರ ಮತ್ತು ಅಂಕಗಳನ್ನು ಕಲಿಸಲು ನಿಯೋಜಿಸಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ೨೦೦೭ರಲ್ಲಿ ಪ್ರಕಟಿಸಿದ ಫಲಿತಾಂಶದ ಮೇರೆಗೆ, ಎರಡನೆಯ ವರ್ಷದ ಕೊನೆಗೆ ಕಂಡುಬಂದ ಏರಿಕೆ ೦.೨೮ ಪ್ರಮಾಣ ವಿಚಲನೆ. ಸಾಮಾನ್ಯರ ಮಾತಿನಲ್ಲಿ ಹೇಳುವುದಾದರೆ, ನೂರು ಮಕ್ಕಳ ಸಾಲಿನಲ್ಲಿ ಕೆಳಗಿನಿಂದ ಎಣಿಸಿ ನಟ್ಟನಡುವೆ ನಿಂತಿದ್ದ ಮಗು ಅರುವತ್ತೊಂದನೆಯ ಸ್ಥಾನದವರೆಗೆ ಏರಿದಂತೆ. ಈ ಲಾಭದಲ್ಲಿ ಹೆಚ್ಚಿನ ಪಾಲು ದೊರೆತುದು ತೀರ ಹಿಂದುಳಿದಿದ್ದ ಮಕ್ಕಳಿಗೇ.

ಇದರ ತಿರುಳು ಒಂದೇ: ಮಗು ಯಾವ ತರಗತಿಯಲ್ಲಿ ಕುಳಿತಿದೆ ಎಂಬುದನ್ನು ನೋಡದೆ, ಯಾವ ಮಟ್ಟದಲ್ಲಿದೆ ಎಂಬುದನ್ನು ನೋಡಿ ಅಲ್ಲಿಂದ ಕಲಿಸಬೇಕು. ಐದನೆಯ ತರಗತಿಯ ಮಗು ಅಕ್ಷರವನ್ನೇ ಅರಿಯದಿದ್ದರೆ ಅದಕ್ಕೆ ಐದನೆಯ ತರಗತಿಯ ಪಾಠವನ್ನು ಎಷ್ಟು ಚೆನ್ನಾಗಿ ಹೇಳಿದರೂ ವ್ಯರ್ಥ.

೩. ಪೂರ್ವೇತಿಹಾಸ

ಕುಂದಾಪುರ ಪ್ರದೇಶವು ೧೯೫೬ರ ನವೆಂಬರ್ ೧ರವರೆಗೆ ಮದರಾಸು ಆಡಳಿತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಉಡುಪಿ ಜಿಲ್ಲೆ ಪ್ರತ್ಯೇಕವಾದುದು ೧೯೯೭ರಲ್ಲಿ. ಬೈಂದೂರು, ಬ್ರಹ್ಮಾವರಗಳು ತಾಲ್ಲೂಕುಗಳಾದುದು ತೀರ ಈಚೆಗೆ. ಆದುದರಿಂದ ಇಲ್ಲಿಯ ಶಾಲೆಗಳು ಮೊದಲು ಮದರಾಸಿನ, ಆಮೇಲೆ ಬೆಂಗಳೂರಿನ ಸುಧಾರಣೆಗಳನ್ನು ಕಂಡಿವೆ. ಅವುಗಳಲ್ಲಿ ಮೂರನ್ನು ಇಲ್ಲಿ ನೆನೆಯುವುದು ಉಚಿತ.

ಮೊದಲನೆಯದು, ಹತ್ತೊಂಬತ್ತನೆಯ ಶತಮಾನದ ಫಲಿತಾಂಶಾನುದಾನ ಪದ್ಧತಿ. ೧೮೬೨ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ಈ ಕ್ರಮ ಮದರಾಸು ಪ್ರಾಂತದಲ್ಲಿಯೂ ನೆಲೆಯೂರಿತು. ತಪಾಸಣಾಧಿಕಾರಿಯ ಮುಂದೆ ಎಷ್ಟು ಮಕ್ಕಳು ಓದು, ಬರೆಹ, ಲೆಕ್ಕಗಳಲ್ಲಿ ತೇರ್ಗಡೆಯಾದರೋ ಅಷ್ಟರ ಮಟ್ಟಿಗೆ ಶಾಲೆಗೆ ಹಣ. ಫಲವನ್ನು ಅಳೆದು ಧನವನ್ನು ಕೊಡುವ ಈ ವಿಚಾರ ಕೇಳುವುದಕ್ಕೆ ನ್ಯಾಯವಾದುದೇ. ಆದರೆ ಪಾಠವೆಲ್ಲವೂ ತಪಾಸಣೆಯ ದಿನದ ಸಲುವಾಗಿಯೇ ನಡೆಯತೊಡಗಿತು, ಬಾಯಿಪಾಠ ಬೆಳೆಯಿತು, ಬಡ ಮತ್ತು ಹಿಂದುಳಿದ ಮಕ್ಕಳು ಶಾಲೆಗೆ ನಷ್ಟದ ಬಾಬತ್ತಾದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪದ್ಧತಿಯನ್ನು ಕೈಬಿಡಬೇಕಾಯಿತು. ಅಳತೆಯೊಂದಿಗೆ ಭಯ ಸೇರಿದಾಗ ಅಳತೆ ಕೆಡುತ್ತದೆಂಬುದು ಇದರಿಂದ ದೊರೆಯುವ ಪಾಠ.

ಎರಡನೆಯದು, ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಿಂದ ಹುಟ್ಟಿದ ಮೂಲಶಿಕ್ಷಣ. ಗಾಂಧೀಜಿಯವರ ಪ್ರೇರಣೆ, ಜಾಕಿರ್ ಹುಸೇನ್ ಸಮಿತಿಯ ವರದಿ, ಸರ್ಕಾರಗಳ ಬೆಂಬಲ ಎಲ್ಲವೂ ಅದಕ್ಕೆ ಇದ್ದುವು. ಕೈಕಸಬಿನ ಮೂಲಕ ಎಲ್ಲ ವಿಷಯಗಳನ್ನೂ ಕಲಿಸಬೇಕೆಂಬ ಆ ತತ್ತ್ವ ಗಂಭೀರವಾದುದು. ಆದರೆ ಕಸಬಿನ ಮೂಲಕ ಗಣಿತ, ಭಾಷೆಗಳನ್ನು ಕಲಿಸಬಲ್ಲ ಉಪಾಧ್ಯಾಯರನ್ನು ಸಿದ್ಧಗೊಳಿಸುವುದು, ಚರಕ ತಕಲಿಗಳನ್ನು ಹಂಚುವಷ್ಟು ಸುಲಭವಾಗಿರಲಿಲ್ಲ. ಜಿ. ರಾಮಚಂದ್ರನ್ ಅವರ ಅಧ್ಯಕ್ಷತೆಯ ಪರಿಶೀಲನಾ ಸಮಿತಿ ೧೯೫೬ರಲ್ಲಿ ಇದರ ಅನೇಕ ಕುಂದುಗಳನ್ನು ಎತ್ತಿತೋರಿಸಿತು. ೧೯೬೪-೬೬ರ ಕೊಠಾರಿ ಆಯೋಗ ಅದನ್ನು 'ಕಾರ್ಯಾನುಭವ'ವೆಂಬ ಹೆಸರಿನಲ್ಲಿ ಪಠ್ಯಕ್ರಮದ ಒಂದು ಮೂಲೆಗೆ ಸೇರಿಸಿತು.

ಮೂರನೆಯದು, ೧೯೫೩ರ ಜೂನ್‌ನಲ್ಲಿ ರಾಜಾಜಿಯವರ ಸರ್ಕಾರ ಮದರಾಸು ರಾಜ್ಯದ ಗ್ರಾಮಾಂತರ ಶಾಲೆಗಳಲ್ಲಿ ತಂದ ಮಾರ್ಪಡಿಸಿದ ಪ್ರಾಥಮಿಕ ಶಿಕ್ಷಣ ಯೋಜನೆ. ದಿನಕ್ಕೆ ಮೂರು ಗಂಟೆಗಳ ಪಾಠ, ಎರಡು ಪಾಳಿ, ಉಳಿದ ಹೊತ್ತು ಮನೆಯ ಕಸಬು. ಕಟ್ಟಡ ಮತ್ತು ಉಪಾಧ್ಯಾಯರ ಕೊರತೆಯನ್ನು ನೀಗುವ ಉದ್ದೇಶ ಅದಕ್ಕಿದ್ದರೂ, ಶಾಸನಸಭೆಯ ಸಮ್ಮತಿಯನ್ನು ಮೊದಲು ಪಡೆಯಲಿಲ್ಲ. ಚಿಕ್ಕ ಪ್ರದೇಶದಲ್ಲಿ ಪರೀಕ್ಷಿಸಿ ನೋಡಲಿಲ್ಲ. ಜಾತಿಗೊಂದು ಕಸಬನ್ನು ಮತ್ತೆ ಅಂಟಿಸುವ ಶಿಕ್ಷಣವೆಂದು ಜನ ಅದನ್ನು ತಿರಸ್ಕರಿಸಿದರು. ೧೯೫೪ರ ಮೇ ತಿಂಗಳಲ್ಲಿ, ವರ್ಷ ತುಂಬುವ ಮೊದಲೇ, ಕಾಮರಾಜರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು.

ಈ ಮೂರರಲ್ಲಿ ಒಂದು ಭಯದಿಂದ ಕೆಟ್ಟಿತು, ಒಂದು ಸಿದ್ಧತೆಯಿಲ್ಲದೆ ಸೊರಗಿತು, ಒಂದು ಜನರ ನಂಬಿಕೆಯನ್ನು ಗಳಿಸದೆ ಬಿದ್ದಿತು. ಇಂದಿನ ಪ್ರಯೋಗಸಿದ್ಧ ಕ್ರಮಗಳಿಗೆ ಪ್ರಯೋಗದ ಬೆಂಬಲವುಂಟೆಂಬ ಒಂದು ಭೇದವಿದೆ. ಆದರೆ ಭಯ, ಸಿದ್ಧತೆ, ನಂಬಿಕೆ ಎಂಬ ಮೂರು ವಿಷಯಗಳಲ್ಲಿ ಅವೂ ಅದೇ ದಾರಿಯನ್ನು ದಾಟಬೇಕಾಗಿದೆ.

೪. ನಲಿ-ಕಲಿಯ ಪಯಣ

ಕರ್ನಾಟಕದ ಅನುಭವಗಳಲ್ಲಿ ಅತ್ಯಂತ ದೀರ್ಘವಾದುದು ನಲಿ-ಕಲಿ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಉಪಾಧ್ಯಾಯರು ಆಂಧ್ರದ ರಿಷಿ ವ್ಯಾಲಿಯ ಸುತ್ತಣ ಹಳ್ಳಿಗಳ ಚಿಕ್ಕ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ತಮ್ಮ ಶಾಲೆಗಳಿಗೆ ಹೊಂದುವ ಕಲಿಕಾ ಸಾಮಗ್ರಿಯನ್ನು ತಾವೇ ರಚಿಸಿಕೊಂಡರು. ಪಠ್ಯಪುಸ್ತಕದ ಬದಲು ಕಾರ್ಡುಗಳು, ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿದ ಕಲಿಕಾ ಏಣಿ, ಏಣಿಯಲ್ಲಿ ಮೈಲಿಗಲ್ಲುಗಳು, ಮಗು ತನ್ನ ವೇಗದಲ್ಲಿ ಏರತಕ್ಕದ್ದು. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಐದು ತಂಡಗಳಾಗಿ ಕುಳಿತುಕೊಳ್ಳುತ್ತಾರೆ. ಮೊದಲ ತಂಡಕ್ಕೆ ಉಪಾಧ್ಯಾಯರ ಪೂರ್ಣ ನೆರವು, ಎರಡನೆಯದಕ್ಕೆ ಭಾಗಶಃ ನೆರವು, ಮೂರು ಮತ್ತು ನಾಲ್ಕನೆಯವಕ್ಕೆ ಸಹಪಾಠಿಗಳ ನೆರವು, ಐದನೆಯದಕ್ಕೆ ಸ್ವಂತ ಕಲಿಕೆ. ಮಕ್ಕಳ ಕೆಲಸವನ್ನು ತೂಗುಹಾಕುವ ಕಲಿಕಾ ಚಪ್ಪರ, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕಪ್ಪುಹಲಗೆ, ಪ್ರತಿ ಮಗುವಿನ ಮುನ್ನಡೆಯನ್ನು ತೋರಿಸುವ ಪ್ರಗತಿನೋಟ ಇವೆಲ್ಲ ಅದರ ಅಂಗಗಳು.

ಅಕ್ಷರಗಳ ಕ್ರಮವೂ ಬೇರೆ. ಅ ಆ ಇ ಈ ಎಂದು ಆರಂಭಿಸದೆ, ರ ಗ ಸ ದ ಅ ಎಂಬ ಐದು ಅಕ್ಷರಗಳಿಂದ ಮೊದಲು. ಇದಕ್ಕೆ ಕಾರಣ ಸ್ಪಷ್ಟ: ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಮುಂತಾದ ಪದಗಳನ್ನು ಮಗು ಮೊದಲ ವಾರಗಳಲ್ಲೇ ಓದಬಹುದು. ಅಕ್ಷರದಿಂದ ಅರ್ಥಕ್ಕೆ ಇರುವ ದೂರ ಇದರಿಂದ ಕಡಮೆಯಾಗುತ್ತದೆ.

ಹೆಗ್ಗಡದೇವನಕೋಟೆಯಲ್ಲಿ ಈ ಕ್ರಮದ ಕರ್ತರೇ ಅದರ ಆಚರಣೆಯನ್ನೂ ಮಾಡಿದರು. ಯಾವ ಕಾರ್ಡು ಏತಕ್ಕೆ ಎಂಬುದು ಅವರಿಗೆ ತಿಳಿದಿತ್ತು. ಸೋತ ಕಾರ್ಡನ್ನು ಬದಲಾಯಿಸುವ ಸ್ವಾತಂತ್ರ್ಯವೂ ಇತ್ತು. ೨೦೦೯-೧೦ರಲ್ಲಿ ಈ ಪದ್ಧತಿಯನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿದಾಗ, ಉಳಿದ ಉಪಾಧ್ಯಾಯರಿಗೆ ಅದು ಮೇಲಿನಿಂದ ಬಂದ ಆದೇಶವಾಗಿ ಮುಟ್ಟಿತು. ಕಾರ್ಡುಗಳು ಅವೇ, ಆದರೆ ಕಾರ್ಡನ್ನು ಮಾಡಿದ ಕೈಗೂ ಕಾರ್ಡನ್ನು ಪಡೆದ ಕೈಗೂ ಅಂತರವಿದೆ. ಒಂದು ತಾಲ್ಲೂಕಿನಲ್ಲಿ ಚಳವಳಿಯಾಗಿದ್ದುದು ರಾಜ್ಯದಲ್ಲಿ ನಿಯಮವಾಯಿತು. ಇದು ನಲಿ-ಕಲಿಯ ದೋಷವೆನ್ನುವುದಕ್ಕಿಂತ, ವಿಸ್ತರಣೆಯ ಸ್ವಭಾವವೇ ಹೀಗೆ ಎನ್ನುವುದು ಯುಕ್ತ.

ಇದರ ತರುವಾಯ ಬಂದವು ಇನ್ನೂ ಹಲವು. ನಾಲ್ಕು, ಐದನೆಯ ತರಗತಿಗಳ ಮಕ್ಕಳನ್ನು ಮಟ್ಟದ ಮೇರೆಗೆ ವಿಂಗಡಿಸಿ ಕಲಿಸುವ 'ಓದು ಕರ್ನಾಟಕ'. ಗಣಿತದ ಉಪಕರಣಗಳ ಪೆಟ್ಟಿಗೆಯನ್ನು ಶಾಲೆಗೆ ಕೊಡುವ 'ಗಣಿತ ಕಲಿಕಾ ಆಂದೋಲನ'. ಶಾಲೆ ಮುಚ್ಚಿದ್ದ ೨೦೨೦ರಲ್ಲಿ ಉಪಾಧ್ಯಾಯರನ್ನು ಮಕ್ಕಳಿದ್ದೆಡೆಗೆ ಕಳುಹಿಸಿದ 'ವಿದ್ಯಾಗಮ'. ೨೦೨೨-೨೩ರಲ್ಲಿ ಒಂದರಿಂದ ಒಂಬತ್ತನೆಯ ತರಗತಿಯವರೆಗೆ ನಡೆದ 'ಕಲಿಕಾ ಚೇತರಿಕೆ'. ಒಂದೊಂದೂ ಸದುದ್ದೇಶದ್ದೇ. ಆದರೆ ಹಳ್ಳಿಯ ಉಪಾಧ್ಯಾಯನ ದೃಷ್ಟಿಯಿಂದ ನೋಡಿದರೆ, ಒಂದನ್ನು ಕಲಿತು ಕೈಗೆ ಹತ್ತಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಇದೂ ಕೆಲಕಾಲದ್ದೆಂದು ಅವನು ಭಾವಿಸಿದರೆ ಅದನ್ನು ಆಲಸ್ಯವೆನ್ನಲಾಗದು. ಅದು ಅನುಭವದಿಂದ ಬಂದ ಎಚ್ಚರ.

೫. ಕರಾವಳಿಯ ಮೂರು ವಲಯಗಳ ವಿಶೇಷ ತೊಡಕುಗಳು

(ಅ) ಮಳೆ ಮತ್ತು ದಾರಿ. ಈ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಶಾಲಾವರ್ಷದ ಆರಂಭವೂ ಅದೇ ಕಾಲದಲ್ಲಿ. ಹಿಂದಿನ ವರ್ಷದ ಕಲಿಕೆಯನ್ನು ಹೊಸ ವರ್ಷಕ್ಕೆ ಕೂಡಿಸುವ 'ಸೇತುಬಂಧ' ಕಾರ್ಯಕ್ರಮ ನಡೆಯುವುದು ಈ ಆರಂಭದ ವಾರಗಳಲ್ಲಿ. ನಲಿ-ಕಲಿಯ ಮೊದಲ ಮೈಲಿಗಲ್ಲುಗಳೂ ಆಗಲೇ. ಸೌಪರ್ಣಿಕಾ, ಚಕ್ರಾ, ವಾರಾಹಿ ನದಿಗಳಿಗೆ ಘಟ್ಟದಿಂದ ಇಳಿಯುವ ನೂರಾರು ತೊರೆಹಳ್ಳಗಳ ನಡುವೆ ಒಂಟಿಮನೆಗಳು ಹರಡಿಕೊಂಡಿರುವ ಬೈಂದೂರು, ಕುಂದಾಪುರಗಳ ಒಳಭಾಗದಲ್ಲಿ, ಮಗು ಶಾಲೆಗೆ ಹೋಗುವ ದಾರಿಯಲ್ಲಿ ಮರದ ದಿಮ್ಮಿ ಹಾಸಿದ ಕಾಲುಸಂಕಗಳು ಇವೆ. ೨೦೨೨ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ತುಂಬಿ ಹರಿಯುತ್ತಿದ್ದ ಹಳ್ಳದ ಪಾಲಾದಳು. ಇಂಥ ದಾರಿಯಿರುವಲ್ಲಿ ಮಳೆಯ ದಿನ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳುವ ತಾಯಿಯನ್ನು ಯಾರು ತಪ್ಪೆನ್ನಬಲ್ಲರು? ಜಿಲ್ಲಾಡಳಿತವೇ ಜುಲೈನಲ್ಲಿ ಮತ್ತೆ ಮತ್ತೆ ರಜೆ ಸಾರುತ್ತದೆ. ಹೀಗಿರಲಾಗಿ, ಇಂತಿಷ್ಟು ದಿನ ಎಡೆಬಿಡದೆ ನಡೆಯಬೇಕೆಂದು ಬಯಲುಸೀಮೆಯ ಪಂಚಾಂಗವನ್ನು ನೋಡಿ ಗೊತ್ತುಮಾಡಿದ ಕಾರ್ಯಕ್ರಮ ಇಲ್ಲಿ ಮೊದಲ ಮಳೆಗೇ ಹರಿದುಹೋಗುತ್ತದೆ. ಮಟ್ಟದ ಮೇರೆಗೆ ಕಲಿಸುವ ಕ್ರಮಕ್ಕೆ ನಿರಂತರತೆಯೇ ಪ್ರಾಣ. ಮಳೆಗಾಲದಲ್ಲಿ ದೊರೆಯದಿರುವುದು ಅದೇ.

(ಆ) ಮನೆಮಾತು. ಕಾರ್ಡುಗಳ ಭಾಷೆ ಶಿಷ್ಟ ಕನ್ನಡ. ಮಕ್ಕಳ ಭಾಷೆ ಬಹುಪಾಲು ಕುಂದಾಪ್ರ ಕನ್ನಡ. ಇದರಲ್ಲಿ ಪದಾಂತ್ಯದ ಉಕಾರ ಸಾಮಾನ್ಯವಾಗಿ ಲೋಪವಾಗುತ್ತದೆ. ಹಾಲು 'ಹಾಲ್' ಆಗುತ್ತದೆ, ನೀರು 'ನೀರ್' ಆಗುತ್ತದೆ, ಊರು 'ಊರ್' ಆಗುತ್ತದೆ. ದೊಡ್ಡವರಿಗೆ ಇದು ಅಲ್ಪವಿಷಯ. ಆದರೆ ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಆಗ ತಾನೆ ಕಟ್ಟಿಕೊಳ್ಳುತ್ತಿರುವ ಆರು ವರ್ಷದ ಮಗುವಿಗೆ, ತನ್ನ ಬಾಯಲ್ಲಿ ಒಂದೇ ಉಸಿರಿನ ಮಾತಾಗಿರುವುದು ಕಾರ್ಡಿನಲ್ಲಿ ಎರಡು ಅಕ್ಷರಗಳಾಗಿ ಕಾಣುವುದು ನಿಜವಾದ ತೊಡಕು. ಉಪಾಧ್ಯಾಯರು ಇದೇ ಊರಿನವರಾದರೆ ನಕ್ಕು ತಿದ್ದಿಯಾರು. ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದವರಾದರೆ, ಮಗು ತಪ್ಪು ಓದಿತೆಂದು ಗುರುತು ಹಾಕಿಯಾರು. ಇದಲ್ಲದೆ ಗಂಗೊಳ್ಳಿಯ ಕೇರಿಗಳಲ್ಲಿ ಕೊಂಕಣಿ, ಶಿರೂರಿನಲ್ಲಿ ನವಾಯತಿ, ಬ್ರಹ್ಮಾವರದ ದಕ್ಷಿಣಕ್ಕೆ ತುಳು. ಕೆಲಸ ಅರಸಿ ಬಂದ ಉತ್ತರ ಕರ್ನಾಟಕದ ಕುಟುಂಬಗಳ ಮಕ್ಕಳ ಕನ್ನಡ ಮತ್ತೊಂದು ಬಗೆ. ರಾಜ್ಯಕ್ಕೆಲ್ಲ ಒಂದೇ ಆದ ಸಾಮಗ್ರಿ ಈ ವೈವಿಧ್ಯವನ್ನು ತಾನಾಗಿ ಒಳಗೊಳ್ಳಲಾರದು.

(ಇ) ಶಾಲೆಯ ಗಾತ್ರ. ನಲಿ-ಕಲಿ ಹಲವು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳಬೇಕಾದ ಚಿಕ್ಕ ಶಾಲೆಗೆಂದೇ ಹುಟ್ಟಿದ ಕ್ರಮ. ಆದರೆ ಮೂರು ತರಗತಿಗಳೂ ಸೇರಿ ಆರೇಳು ಮಕ್ಕಳಿರುವಲ್ಲಿ ಐದು ತಂಡಗಳೆಂದರೆ ತಂಡಕ್ಕೊಂದು ಮಗು. ಸಹಪಾಠಿಯ ನೆರವೆಂಬುದಕ್ಕೆ ಅಲ್ಲಿ ಸಹಪಾಠಿಯೇ ಇಲ್ಲ. ಇನ್ನು ಐದು ತರಗತಿಗಳಿಗೂ ಒಬ್ಬರೇ ಉಪಾಧ್ಯಾಯರಿದ್ದರೆ, ಅವರು ನಲಿ-ಕಲಿ ಕೋಣೆಯಲ್ಲಿರುವಷ್ಟು ಹೊತ್ತು ನಾಲ್ಕು, ಐದನೆಯ ತರಗತಿಗಳು ಅನಾಥ. ಸಭೆಗೋ ತರಬೇತಿಗೋ ಅವರು ಹೋದ ದಿನ ಶಾಲೆಯೇ ಅನಾಥ. ಸಂಖ್ಯೆ ಇಳಿದಂತೆ ಉಪಾಧ್ಯಾಯರು 'ಹೆಚ್ಚುವರಿ'ಯಾಗಿ ಬೇರೆಡೆಗೆ ಹೋಗುತ್ತಾರೆ. ಅವರೊಂದಿಗೆ ತರಬೇತಿಯೂ ಹೋಗುತ್ತದೆ. ಅವರ ಸ್ಥಾನಕ್ಕೆ ಬರುವ ಅತಿಥಿ ಶಿಕ್ಷಕರಿಗೆ ಆ ತರಬೇತಿ ದೊರೆತಿರುವುದು ಅಪರೂಪ.

(ಈ) ಪೋಷಕರ ನಂಬಿಕೆ. ಬೆಳಗ್ಗೆ ಹಳ್ಳಿಯ ದಾರಿಯಲ್ಲಿ ಆಂಗ್ಲಮಾಧ್ಯಮ ಶಾಲೆಗಳ ಬಸ್ಸುಗಳು ಬರುವ ಈ ಸೀಮೆಯಲ್ಲಿ ಪೋಷಕರು ಎರಡು ಬಗೆಯ ಶಾಲೆಗಳನ್ನು ನಿತ್ಯ ಹೋಲಿಸಿ ನೋಡುತ್ತಾರೆ. ಒಂದರ ಮಗು ಕತ್ತಿಗೆ ಪಟ್ಟಿ ಕಟ್ಟಿಕೊಂಡು, ಚೀಲದ ತುಂಬ ಪುಸ್ತಕ ಹೊತ್ತು, ಮನೆಗೆಲಸವನ್ನು ತರುತ್ತದೆ. ಇನ್ನೊಂದರ ಮಗು ಚಾಪೆಯ ಮೇಲೆ ಕುಳಿತು ಕಾರ್ಡಿನಲ್ಲಿ ಆಡಿ, ಹಾಡಿ, ಬರಿಗೈಯಲ್ಲಿ ಬರುತ್ತದೆ. ಅಜ್ಜಿ ಅ ಆ ಇ ಈ ಹೇಳೆಂದರೆ ಅದು ರ ಗ ಸ ದ ಅ ಎನ್ನುತ್ತದೆ. ಶಾಲೆಯಲ್ಲಿ ಕಲಿಸುವುದಿಲ್ಲವೆಂಬ ತೀರ್ಮಾನಕ್ಕೆ ಮನೆಯವರು ಬಂದರೆ ಆಶ್ಚರ್ಯವಿಲ್ಲ. ಈ ಹೋಲಿಕೆಯ ಒತ್ತಡ ಎಷ್ಟೆಂದರೆ, ಸರ್ಕಾರವೇ ೨೦೧೯-೨೦ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲಮಾಧ್ಯಮ ವಿಭಾಗಗಳನ್ನು ತೆರೆಯಿತು. ಕ್ರಮದ ಫಲ ಮೂರು ವರ್ಷದ ಮೇಲೆ ತೋರುವಂಥದು. ಮಗುವನ್ನು ಎಲ್ಲಿ ಸೇರಿಸಬೇಕೆಂಬ ನಿರ್ಧಾರ ಈ ಜೂನ್‌ನಲ್ಲೇ ಆಗಬೇಕು. ೧೯೫೩ರ ಯೋಜನೆಯ ನೆನಪು ಇಲ್ಲಿ ಬರುತ್ತದೆ: ಏಕೆ ಎಂಬುದನ್ನು ಮನೆಯವರಿಗೆ ಹೇಳದ ಸುಧಾರಣೆ ಮನೆಯವರಿಂದಲೇ ಸೋಲುತ್ತದೆ.

(ಉ) ಜಿಲ್ಲೆಯ ಕೀರ್ತಿ. ಇದು ವಿಚಿತ್ರವಾಗಿ ತೋರಬಹುದು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ೨೦೨೪ರಲ್ಲಿ ಶೇಕಡಾ ೯೪ರ ಫಲಿತಾಂಶದೊಡನೆ ರಾಜ್ಯಕ್ಕೆ ಮೊದಲನೆಯದಾಯಿತು. ಆ ವರ್ಷ ರಾಜ್ಯದ ಒಟ್ಟು ಫಲಿತಾಂಶ ಶೇಕಡಾ ೭೩.೪೦. ೨೦೨೫ರಲ್ಲಿ ದಕ್ಷಿಣ ಕನ್ನಡದ ಹಿಂದೆ ಎರಡನೆಯ ಸ್ಥಾನ. ಇದು ಹೆಮ್ಮೆಯ ವಿಷಯವೇ. ಆದರೆ ಮಟ್ಟದ ಮೇರೆಗೆ ಕಲಿಸುವ ಯಾವ ಕ್ರಮಕ್ಕೂ ಮೊದಲ ಹೆಜ್ಜೆ, ನಮ್ಮ ಶಾಲೆಯಲ್ಲಿ ಇಷ್ಟು ಮಕ್ಕಳಿಗೆ ಓದಲು ಬಾರದು ಎಂದು ಒಪ್ಪಿ ಬರೆಯುವುದು. ಮೊದಲ ಸ್ಥಾನದ ಜಿಲ್ಲೆಯಲ್ಲಿ ಹಾಗೆ ಬರೆಯುವುದಕ್ಕೆ ಧೈರ್ಯ ಬೇಕು. ಬರೆದವರನ್ನು ಮೇಲಧಿಕಾರಿಗಳು ವಿವರಣೆ ಕೇಳುವಂತಿದ್ದರೆ, ಉಪಾಧ್ಯಾಯರು ಕ್ಷೇಮವಾದ ಸಂಖ್ಯೆಯನ್ನು ಬರೆಯುತ್ತಾರೆ. ಓದಲು ಬಾರದ ಮಗು ಕಾಗದದಲ್ಲಿ ಓದಬಲ್ಲದಾಗುತ್ತದೆ. ಅದಕ್ಕೆ ದೊರೆಯಬೇಕಾಗಿದ್ದ ನೆರವು ತಪ್ಪಿಹೋಗುತ್ತದೆ. ಫಲಿತಾಂಶಾನುದಾನದ ಕಾಲದಲ್ಲಿ ನಡೆದುದೂ ಇದೇ.

೬. ಕಾಗದವೂ ಕೋಣೆಯೂ

ಮೇಲೆ ಹೇಳಿದ ತೊಡಕುಗಳಲ್ಲಿ ಕೆಲವು ಈ ಪ್ರದೇಶಕ್ಕೆ ವಿಶಿಷ್ಟ. ಆದರೆ ಪ್ರಯೋಗದಲ್ಲಿ ಗೆದ್ದುದು ವ್ಯವಸ್ಥೆಯೊಳಗೆ ಸೋಲುವುದು ಲೋಕದ ಇತರೆಡೆಗಳಲ್ಲಿಯೂ ಕಂಡ ಸಂಗತಿ. ಕೀನ್ಯಾ ದೇಶದಲ್ಲಿ ಒಪ್ಪಂದದ ಮೇಲೆ ನೇಮಿಸಿದ ಹೆಚ್ಚುವರಿ ಉಪಾಧ್ಯಾಯರಿಂದ ಮಕ್ಕಳ ಕಲಿಕೆ ಏರಿತೆಂದು ಮೊದಲು ಕಂಡುಬಂದಿತ್ತು. ಆ ಕ್ರಮವನ್ನೇ ಸ್ವಯಂಸೇವಾ ಸಂಸ್ಥೆಯೊಂದು ನಡೆಸಿದಲ್ಲಿ ಮತ್ತೆ ಫಲ ತೋರಿತು. ಸರ್ಕಾರ ನಡೆಸಿದಲ್ಲಿ ತೋರಲಿಲ್ಲ. ಮಧ್ಯಪ್ರದೇಶದಲ್ಲಿ ಶಾಲೆಗಳನ್ನು ಪರಿಶೀಲಿಸಿ, ದರ್ಜೆ ಕೊಟ್ಟು, ಸುಧಾರಣಾ ಯೋಜನೆಗಳನ್ನು ಬರೆಸುವ ಕಾರ್ಯಕ್ರಮವನ್ನು ಕಾರ್ತಿಕ್ ಮುರಳೀಧರನ್ ಮತ್ತು ಅಭಿಜಿತ್ ಸಿಂಗ್ ಅವರು ಪರೀಕ್ಷಿಸಿದಾಗ, ಪರಿಶೀಲನೆ ನಡೆದಿತ್ತು, ಯೋಜನೆಗಳೂ ಬರೆಯಲ್ಪಟ್ಟಿದ್ದುವು. ಆದರೆ ಬೋಧನೆಯಲ್ಲಾಗಲಿ ಕಲಿಕೆಯಲ್ಲಾಗಲಿ ಬದಲಾವಣೆ ಇರಲಿಲ್ಲ. ಅಷ್ಟಾದರೂ ಕಾಗದದ ಮೇಲಿನ ಯಶಸ್ಸನ್ನು ನೋಡಿ ಕಾರ್ಯಕ್ರಮವನ್ನು ಇನ್ನೂ ಸಾವಿರಾರು ಶಾಲೆಗಳಿಗೆ ವಿಸ್ತರಿಸಲಾಯಿತು.

ಬಾಲಸಖಿಯಿಂದ ಆರಂಭವಾದ ಕ್ರಮದ ಮುಂದಿನ ಚರಿತ್ರೆಯೇ ಇಲ್ಲಿ ಅತ್ಯಂತ ಬೋಧಪ್ರದ. ೨೦೦೮ರ ಸುಮಾರಿಗೆ ಬಿಹಾರ ಮತ್ತು ಉತ್ತರಾಖಂಡಗಳಲ್ಲಿ ಸರ್ಕಾರಿ ಉಪಾಧ್ಯಾಯರಿಗೆ ಸಾಮಗ್ರಿಯನ್ನೂ ತರಬೇತಿಯನ್ನೂ ಕೊಟ್ಟು ನೋಡಿದಾಗ ಶಾಲಾವರ್ಷದಲ್ಲಿ ಹೆಚ್ಚಿನ ಫಲ ದೊರೆಯಲಿಲ್ಲ. ಆದರೆ ಬಿಹಾರದಲ್ಲಿ ಅದೇ ಸರ್ಕಾರಿ ಉಪಾಧ್ಯಾಯರೇ ಬೇಸಗೆಯ ಶಿಬಿ್ರಗಳಲ್ಲಿ ಕಲಿಸಿದಾಗ ಮಕ್ಕಳು ಕಲಿತರು. ಆದುದರಿಂದ ಉಪಾಧ್ಯಾಯರಿಗೆ ಶಕ್ತಿಯಿಲ್ಲವೆಂಬ ಆರೋಪ ನಿಲ್ಲುವುದಿಲ್ಲ. ಶಾಲಾವರ್ಷದಲ್ಲಿ ಪಠ್ಯವನ್ನು ಮುಗಿಸುವ ಹೊಣೆ ಎಲ್ಲವನ್ನೂ ನುಂಗುತ್ತಿತ್ತು; ಬೇಸಗೆಯಲ್ಲಿ ಆ ಹೊಣೆ ಇರಲಿಲ್ಲ. ಈ ತಿಳಿವಳಿಕೆಯಿಂದ ೨೦೧೨-೧೩ರಲ್ಲಿ ಹರಿಯಾಣದಲ್ಲಿ ಎರಡು ಮಾರ್ಪಾಡು ಮಾಡಿದರು. ಮಟ್ಟದ ಮೇರೆಗಿನ ಬೋಧನೆಗೆ ದಿನದಲ್ಲಿ ಪ್ರತ್ಯೇಕವಾದ ಒಂದು ಗಂಟೆಯನ್ನು ಮೀಸಲಿಟ್ಟರು. ಮೇಲ್ವಿಚಾರಣೆಗೆ ಹೋಗುವವರು ಮೊದಲು ಕೆಲವು ವಾರ ತಾವೇ ಮಕ್ಕಳ ಮುಂದೆ ನಿಂತು ಆ ಕ್ರಮದಲ್ಲಿ ಕಲಿಸಿ ನೋಡಬೇಕೆಂದು ವಿಧಿಸಿದರು. ಈ ಸಲ ಓದಿನಲ್ಲಿ ಏರಿಕೆ ಕಂಡಿತು.

ಇದಕ್ಕೆ ಪ್ರತಿಯಾಗಿ, ನಮ್ಮ ಶಾಲೆಗಳಲ್ಲಿ ಗಟ್ಟಿಯಾಗಿ ಬೇರೂರಿದ ಒಂದು ಕಾರ್ಯಕ್ರಮವನ್ನು ನೋಡಬಹುದು. ೨೦೦೧ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬೇಯಿಸಿದ ಊಟವನ್ನು ಕೊಡಬೇಕೆಂದು ಆಜ್ಞಾಪಿಸಿದ ಮೇಲೆ, ೨೦೦೨ರಿಂದ ಕರ್ನಾಟಕದಲ್ಲಿ ಆರಂಭವಾದ 'ಅಕ್ಷರ ದಾಸೋಹ' ಇಂದು ಯಾವ ತಪಾಸಣೆಯಿಲ್ಲದೆಯೂ ಬಹುಮಟ್ಟಿಗೆ ನಡೆಯುತ್ತದೆ. ಕಾರಣ ಸರಳ: ಒಂದು ದಿನ ಬಿಸಿಯೂಟ ನಿಂತರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಊಟಕ್ಕೆ ಪ್ರತಿ ಮಗುವೂ ಸಾಕ್ಷಿ. ಓದಿನ ಗಂಟೆ ಒಂದು ದಿನ ನಡೆಯದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಒಂದು ತಿಂಗಳು ನಡೆಯದಿದ್ದರೂ ದಾಖಲೆ ಪೂರ್ಣವಾಗಿರಬಹುದು. ಪ್ರಯೋಗಸಿದ್ಧ ಕಲಿಕಾಕ್ರಮಗಳನ್ನು ಊರಿನ ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆಂಬುದೇ ಮುಖ್ಯ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ.

೭. ಕೆಲವು ಸೂಚನೆಗಳು

ಮೇಲಿನ ವಿವೇಚನೆಯಿಂದ ಹೊರಡುವ ಸೂಚನೆಗಳನ್ನು ಸಂಕ್ಷೇಪವಾಗಿ ಹೇಳಬಹುದು.

ಒಂದನೆಯದಾಗಿ, ಕರಾವಳಿಗೆ ಅದರದೇ ಪಂಚಾಂಗ ಬೇಕು. ಎಡೆಬಿಡದೆ ನಡೆಯಬೇಕಾದ ಓದಿನ ಶಿಬಿರಗಳನ್ನು ಜೂನ್, ಜುಲೈಗಳಲ್ಲಿ ಇರಿಸದೆ ದಸರೆಯ ರಜೆಯ ತರುವಾಯಕ್ಕೆ ತರುವುದು ಯುಕ್ತ. ಕಾಲುಸಂಕಗಳ ಸ್ಥಾನದಲ್ಲಿ ಭದ್ರವಾದ ಕಿರುಸೇತುವೆಗಳು ಬರುವುದು ರಸ್ತೆಯ ಇಲಾಖೆಯ ಕೆಲಸವೆಂದು ಶಿಕ್ಷಣ ಇಲಾಖೆ ಸುಮ್ಮನಿರಬಾರದು. ಹಾಜರಿಯ ಪ್ರಶ್ನೆ ಅಲ್ಲಿಂದಲೇ ಆರಂಭ.

ಎರಡನೆಯದಾಗಿ, ಸಮೂಹ ಸಂಪನ್ಮೂಲ ವ್ಯಕ್ತಿಗಳು ಹಾಳೆ ತುಂಬಿಸಿಕೊಂಡು ಹೋಗುವುದಕ್ಕೆ ಮೊದಲು, ಪ್ರತಿ ಹೊಸ ಕ್ರಮವನ್ನು ಒಂದು ಶಾಲೆಯಲ್ಲಿ ತಾವೇ ಕಲಿಸಿ ನೋಡತಕ್ಕದ್ದು. ಹೊಸ ದಾಖಲೆಯೊಂದನ್ನು ಸೇರಿಸುವಾಗ ಹಳೆಯದೊಂದನ್ನು ತೆಗೆದುಹಾಕತಕ್ಕದ್ದು.

ಮೂರನೆಯದಾಗಿ, ಮೊದಲ ಮೈಲಿಗಲ್ಲುಗಳಿಗೆ ಕುಂದಾಪ್ರ ಕನ್ನಡದ ಮಾತುಗಳಿಂದ ಪೂರಕ ಕಾರ್ಡುಗಳನ್ನು ಸ್ಥಳೀಯ ಉಪಾಧ್ಯಾಯರೇ ರಚಿಸಲಿ. ಶಿಷ್ಟ ಕನ್ನಡವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಮನೆಯ ಮಾತಿನಿಂದ ಶಾಲೆಯ ಮಾತಿಗೆ ಒಂದು ಮೆಟ್ಟಿಲು ಇರಲಿ ಎಂದರ್ಥ. ಹೆಗ್ಗಡದೇವನಕೋಟೆಯವರಿಗೆ ದೊರೆತಿದ್ದ ಕರ್ತೃತ್ವದಲ್ಲಿ ಒಂದಂಶವಾದರೂ ಇದರಿಂದ ನಮ್ಮ ಉಪಾಧ್ಯಾಯರಿಗೆ ದೊರೆತೀತು.

ನಾಲ್ಕನೆಯದಾಗಿ, ಓದಿನ ಮಟ್ಟವನ್ನು ಅಳೆಯುವ ಪರೀಕ್ಷೆಗೂ ಉಪಾಧ್ಯಾಯರ ಮೇಲಿನ ಕ್ರಮಕ್ಕೂ ಯಾವ ಸಂಬಂಧವೂ ಇರಕೂಡದು. ೨೦೦೧ರಿಂದ ಇರುವ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ, ತಿಂಗಳಿಗೊಮ್ಮೆ ಮಕ್ಕಳು ಪೋಷಕರ ಮುಂದೆ ಗಟ್ಟಿಯಾಗಿ ಓದಲಿ. ಊಟದಂತೆ ಓದಿಗೂ ಊರಿನ ಸಾಕ್ಷಿ ದೊರೆಯಲಿ. ಕಾರ್ಡಿನ ಆಟ ಏತಕ್ಕೆಂಬುದನ್ನು ಮನೆಯವರಿಗೆ ತಿಳಿಹೇಳುವ ಸಂದರ್ಭವೂ ಅದೇ.

ಕೊನೆಯದಾಗಿ, ನಮ್ಮ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಒಂದು ಮಾತು. ಮುಂಬಯಿ, ಹರಿಯಾಣಗಳಲ್ಲಿ ಸಿದ್ಧವಾದುದು ಬೈಂದೂರಿನಲ್ಲಿಯೂ ಸಿದ್ಧವಾಗುವುದೆಂದು ಹೇಳಲು ಬೈಂದೂರಿನಲ್ಲಿಯೇ ನೋಡಬೇಕು. ಹೊಸ ಕಾರ್ಯಕ್ರಮವನ್ನು ಎಲ್ಲ ಶಾಲೆಗಳಿಗೂ ಒಂದೇ ವರ್ಷ ಕೊಡಲು ಸಾಮರ್ಥ್ಯವಿಲ್ಲದಾಗ, ಯಾರಿಗೆ ಮೊದಲೆಂಬುದನ್ನು ಚೀಟಿಯೆತ್ತಿ ನಿರ್ಧರಿಸುವುದು ಪಕ್ಷಪಾತವಿಲ್ಲದ ಕ್ರಮ; ಮೊದಲು ಪಡೆದವರನ್ನೂ ಕಾದಿರುವವರನ್ನೂ ಹೋಲಿಸಿ ಸತ್ಯವನ್ನು ತಿಳಿಯುವ ದಾರಿಯೂ ಅದೇ. ಮೂರು ವಲಯಗಳ ಪದವಿ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಪುಟದ ಓದಿನ ಹಾಳೆಯನ್ನು ಹಿಡಿದು ತಮ್ಮ ಊರಿನ ಶಾಲೆಗೆ ಹೋದರೆ ಈ ಅಳತೆಯ ಕೆಲಸ ಹೆಚ್ಚು ಖರ್ಚಿಲ್ಲದೆ ನಡೆದೀತು. ಫಲ ಬಂದುದನ್ನು ಬರೆದಿಡುವಂತೆಯೇ ಬಾರದುದನ್ನೂ ಬರೆದಿಡಬೇಕು. ಮೂಲಶಿಕ್ಷಣದ ಕಾಲದಲ್ಲಿ, ೧೯೫೩ರ ಯೋಜನೆಯ ಕಾಲದಲ್ಲಿ, ಕುಂದಾಪುರದ ಒಂದು ಹಳ್ಳಿಶಾಲೆಯ ಮಕ್ಕಳು ಏನನ್ನು ಓದಬಲ್ಲವರಾಗಿದ್ದರು ಎಂಬುದನ್ನು ಆಗ ಯಾರಾದರೂ ಹೀಗೆ ಅಳೆದು ಇರಿಸಿದ್ದರೆ, ಇಂದು ನಮ್ಮ ವಾದ ಇನ್ನಷ್ಟು ಗಟ್ಟಿಯಾದ ನೆಲದ ಮೇಲೆ ನಿಲ್ಲುತ್ತಿತ್ತು. ಮುಂದೆ ಈ ವಿಷಯವನ್ನು ಕೈಗೆತ್ತಿಕೊಳ್ಳುವವರಿಗೆ ಆ ಅನುಕೂಲವನ್ನು ಒದಗಿಸಿಕೊಡುವುದು ಈಗ ನಮ್ಮ ಕೈಯಲ್ಲಿದೆ.